ಎಲ್‌ಎಲ್‌ಆರ್ ಪರೀಕ್ಷೆ: ಫೇಲಾದ ಮೇಲೆ ನಾನು ಕಲಿತದ್ದು

ಮೊದಲ ಸಲ ಎಲ್‌ಎಲ್‌ಆರ್ ಪರೀಕ್ಷೆಗೆ ಕೂತಾಗ 15 ಪ್ರಶ್ನೆಗಳಲ್ಲಿ 7ಕ್ಕೆ ಮಾತ್ರ ಸರಿಯುತ್ತರ ಕೊಟ್ಟು ನಾನು ಫೇಲಾದೆ. ಎಸ್ಸೆಸ್ಸೆಲ್ಸಿಯಲ್ಲಿ ಡಿಸ್ಟಿಂಕ್ಷನ್ ಪಡೆದವಳು ಇದರಲ್ಲಿ ಹೇಗೆ ಫೇಲಾದೆ ಎಂದು ಗೆಳತಿಯರು ಒಂದು ವಾರ ನಕ್ಕರು. ನಮ್ಮ ದ್ವಿತೀಯ ಪಿಯುಸಿಯ ಬಹಳಷ್ಟು ಮಂದಿಗೆ ಇನ್ನು ಕೆಲವೇ ತಿಂಗಳಲ್ಲಿ 18 ತುಂಬುತ್ತದೆ. ನನ್ನ ತಪ್ಪು ನಿಮಗಾದರೂ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಒಂದನೇ ತರಗತಿಗೆ ತಡವಾಗಿ ಸೇರಿದ್ದರಿಂದ ನನಗೆ ಈಗಾಗಲೇ 18 ಆಗಿದೆ. ಅಬ್ಬು ಕೆಲಸಕ್ಕೆಂದು ಸೌದಿಯಲ್ಲಿದ್ದಾರೆ. ಅವರ ಸ್ಕೂಟರ್ ಮನೆಯ ಜಗಲಿಯಲ್ಲಿ ಹಳೇ ಬೆಡ್‌ಶೀಟ್ ಹೊದ್ದು ಎರಡು ವರ್ಷದಿಂದ ನಿಂತಿದೆ. ಮನೆಯಲ್ಲಿ ಅಮ್ಮಿ, ನಾನಿ, ನಾನು ಮತ್ತು ತಂಗಿ. ನಾನಿಗೆ ಉಬ್ಬಸ. ಕಳೆದ ಮಳೆಗಾಲದ ಒಂದು ರಾತ್ರಿ ಎರಡು ಗಂಟೆಗೆ ಅವರಿಗೆ ಉಸಿರೇ ಸಿಗಲಿಲ್ಲ. ಗೊತ್ತಿದ್ದ ಆಟೋದವರು ಯಾರೂ ಫೋನ್ ಎತ್ತಲಿಲ್ಲ. ನಾನು ಸ್ಕೂಟರಿನ ಕೀಲಿ ಕೈಗೆತ್ತಿಕೊಂಡೆ. ಖಾಲಿ ಮೈದಾನದಲ್ಲಿ ಎರಡು ಸಲ ಓಡಿಸಿದ್ದೇ ನನ್ನ ಅನುಭವ. ಅಮ್ಮಿ ಕೀಲಿ ಕಿತ್ತುಕೊಂಡು ಪಕ್ಕದ ಮನೆಯ ಅಂಕಲ್ ಬಾಗಿಲು ಬಡಿದರು. ಅವರು ಕಾರು ತೆಗೆದರು, ನಾನಿ ಉಳಿದರು. ಬೆಳಿಗ್ಗೆ ಅಮ್ಮಿ ಒಂದೇ ಮಾತು ಹೇಳಿದರು: "ಕಲಿ, ಆದರೆ ಸರಿಯಾಗಿ ಕಲಿ."

ಎಲ್‌ಎಲ್‌ಆರ್ ಎಂದರೆ ಏನು?

ನಾವು ಎಲ್‌ಎಲ್‌ಆರ್ ಎನ್ನುವುದು ಕಲಿಕಾ ಲೈಸೆನ್ಸ್‌ಗೆ. ಇದು ರಸ್ತೆಯಲ್ಲಿ ಗಾಡಿ ಓಡಿಸಲು ಕಲಿಯುವುದಕ್ಕೆ ಸಿಗುವ ಅನುಮತಿ ಮಾತ್ರ. 6 ತಿಂಗಳು ಚಾಲ್ತಿಯಲ್ಲಿರುತ್ತದೆ. ಸಿಕ್ಕಿ 30 ದಿನ ಕಳೆದ ಮೇಲೆ ಡಿಎಲ್‌ಗೆ ಅರ್ಜಿ ಹಾಕಿ ಗಾಡಿ ಓಡಿಸಿ ತೋರಿಸುವ ಪರೀಕ್ಷೆಗೆ ಹೋಗಬಹುದು.

ವಯಸ್ಸಿನ ಬಗ್ಗೆ ನಮ್ಮ ಕಾಲೇಜಿನಲ್ಲಿ ಬಹಳ ತಪ್ಪು ತಿಳಿವಳಿಕೆ ಇದೆ. "16 ಆದರೆ ಗೇರ್ ಇಲ್ಲದ ಸ್ಕೂಟರ್ ಓಡಿಸಬಹುದು" ಎಂದು ಹಲವರು ಹೇಳುತ್ತಾರೆ. 1988ರ ಮೋಟಾರು ವಾಹನ ಕಾಯ್ದೆ 16ಕ್ಕೆ ಅನುಮತಿಸುವುದು ಎಂಜಿನ್ ಸಾಮರ್ಥ್ಯ 50 ಸಿಸಿ ಮೀರದ ಗಾಡಿಗೆ, ಅದೂ ಪೋಷಕರ ಒಪ್ಪಿಗೆಯೊಂದಿಗೆ. ಇಂದು ನಮ್ಮ ಮನೆಗಳಲ್ಲಿರುವ ಸ್ಕೂಟರ್‌ಗಳು 100, 110, 125 ಸಿಸಿಯವು. ಗೇರ್ ಇಲ್ಲ ಎಂದ ಮಾತ್ರಕ್ಕೆ ಅವು ಆ ಲೆಕ್ಕಕ್ಕೆ ಬರುವುದಿಲ್ಲ. ಅವಕ್ಕೆ 18 ತುಂಬಿರಲೇಬೇಕು.

ಅರ್ಜಿ ಹಾಕುವಾಗ

ಅರ್ಜಿ ಹಾಕುವುದು ಪರಿವಾಹನ್ ಜಾಲತಾಣದ 'ಸಾರಥಿ' ವಿಭಾಗದಲ್ಲಿ. ಸೈಬರ್ ಅಂಗಡಿಯ ಸಹಾಯವಿಲ್ಲದೆ ಮೊಬೈಲಿನಲ್ಲೇ ಮಾಡಬಹುದು. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ವಿಳಾಸಕ್ಕೆ ಆಧಾರ್, ಫೋಟೋ, ಸಹಿ, ಜೊತೆಗೆ ನನ್ನ ಆರೋಗ್ಯ ಸರಿಯಿದೆ ಎಂಬ ಸ್ವಯಂ ಘೋಷಣೆ. ನಿಯಮದ ಪ್ರಕಾರ ಶುಲ್ಕ ಒಂದು ಬಗೆಯ ವಾಹನಕ್ಕೆ 150 ರೂಪಾಯಿ, ಪರೀಕ್ಷೆಗೆ 50 ರೂಪಾಯಿ. ಎರಡು ಬಗೆಯ ವಾಹನ ಆರಿಸಿದರೆ ಅದಕ್ಕೆ ತಕ್ಕಂತೆ ಏರುತ್ತದೆ. ಏಜೆಂಟರು ಸಾವಿರಗಟ್ಟಲೆ ಕೇಳಿದರೆ ಈ ಅಂಕಿಗಳು ನೆನಪಿರಲಿ.

ನಾನು ಎಡವಿದ ಮೂರು ಕಡೆ ನೀವು ಎಡವಬೇಡಿ.

ಒಂದು, ಹೆಸರು. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಕೊನೆಗೆ 'ಬಾನು' ಇದೆ, ಆಧಾರ್‌ನಲ್ಲಿ 'ಬೇಗಂ' ಇತ್ತು. ನಮ್ಮ ತರಗತಿಯಲ್ಲಿ ವಿಚಾರಿಸಿದಾಗ ಇಂಥ ವ್ಯತ್ಯಾಸ ಹಲವರಿಗಿರುವುದು ತಿಳಿಯಿತು. ಮೊದಲು ಆಧಾರ್ ತಿದ್ದಿಸಿ, ಆಮೇಲೆ ಅರ್ಜಿ ಹಾಕಿ.

ಎರಡು, ಮೊಬೈಲ್ ಸಂಖ್ಯೆ. ಆಧಾರ್ ಮೂಲಕ ಗುರುತು ಖಚಿತಪಡಿಸಿದರೆ ಮನೆಯಲ್ಲೇ ಕಂಪ್ಯೂಟರ್ ಕ್ಯಾಮೆರಾ ಮುಂದೆ ಕೂತು ಪರೀಕ್ಷೆ ಬರೆಯಬಹುದು. ಆದರೆ ಅದಕ್ಕೆ ಬೇಕಾದ ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಸಂಖ್ಯೆಗೆ. ನನ್ನ ಆಧಾರ್‌ನಲ್ಲಿ ಇದ್ದದ್ದು ಅಬ್ಬು ಅವರ ಹಳೇ ಸಂಖ್ಯೆ. ಆ ಸಿಮ್ ಬಂದಾಗಿ ಎಷ್ಟೋ ಕಾಲವಾಗಿದೆ. ಹಾಗಾಗಿ ನಾನು ಆರ್‌ಟಿಒ ಕಚೇರಿಗೇ ಹೋಗಿ, ದಾಖಲೆ ತೋರಿಸಿ, ಅಲ್ಲಿನ ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆದೆ. ಅಲ್ಲಿ ಫೋಟೋ ತೆಗೆದರು. ಸ್ಕಾರ್ಫ್ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಮುಖ ಪೂರ್ತಿ ಕಾಣಬೇಕು, ಅಷ್ಟೇ.

ಮೂರು, ವಾಹನದ ಬಗೆ. ನಾನು 'ಗೇರ್ ಇಲ್ಲದ ದ್ವಿಚಕ್ರ' ಎಂದು ಗುರುತು ಹಾಕಿದೆ. ಮುಂದೆ ಬೈಕ್ ಓಡಿಸಬೇಕೆಂದರೆ ಮತ್ತೆ ಹೊಸದಾಗಿ ಅರ್ಜಿ. 'ಗೇರ್ ಇರುವ ದ್ವಿಚಕ್ರ' ತೆಗೆದುಕೊಂಡವರು ಸ್ಕೂಟರನ್ನೂ ಓಡಿಸಬಹುದು. ಯೋಚಿಸಿ ಗುರುತು ಹಾಕಿ.

ನಾನು ಯಾಕೆ ಫೇಲಾದೆ?

ಪರೀಕ್ಷೆಗೆ ಮೂರು ದಿನ ಮೊದಲು ಏಜೆಂಟ್ ಒಬ್ಬರು ಜೆರಾಕ್ಸ್ ಹಾಳೆ ಕೊಟ್ಟಿದ್ದರು. ಪ್ರಶ್ನೆ, ಅದರ ಮುಂದೆ ಎ, ಬಿ, ಸಿ. ನಾನು ಅಕ್ಷರಗಳನ್ನು ಉರು ಹೊಡೆದೆ. ಪರದೆಯ ಮೇಲೆ ಪ್ರಶ್ನೆ ಅವೇ ಇದ್ದವು, ಆದರೆ ಆಯ್ಕೆಗಳ ಕ್ರಮ ಬೇರೆ. ಒಂದೊಂದು ಪ್ರಶ್ನೆಗೆ ಸಿಗುವುದು ಕೆಲವೇ ಸೆಕೆಂಡು. ನಿಯಮದ ಪ್ರಕಾರ ಶೇ. 60 ಉತ್ತರ ಸರಿಯಿರಬೇಕು, ಅಂದರೆ 15ಕ್ಕೆ 9. ನನಗೆ ಎರಡು ಕಡಿಮೆ ಬಿತ್ತು.

ಹೊರಗೆ ಬಂದಾಗ ಅದೇ ಏಜೆಂಟ್, "ಮುಂದಿನ ಸಲ ಮನೆಯಿಂದಲೇ ಹಾಕೋಣ, ಉತ್ತರ ಒತ್ತಲು ನಮ್ಮ ಹುಡುಗ ಕೂರುತ್ತಾನೆ" ಎಂದರು. ನನಗೆ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಜೊತೆಗಿದ್ದ ಅಮ್ಮಿ ಕೇಳಿದರು: "ನಾಳೆ ನನ್ನ ಮಗಳ ಗಾಡಿ ಮುಂದೆ ಮಗು ಅಡ್ಡ ಬಂದರೆ ಬ್ರೇಕ್ ಹಿಡಿಯೋಕೂ ನಿಮ್ಮ ಹುಡುಗ ಬರ್ತಾನಾ?" ಏಜೆಂಟ್ ಸುಮ್ಮನಾದರು.

ಅಂದು ಸಂಜೆ ಅಮ್ಮಿ ನನ್ನನ್ನು ಮಾಮು ಮನೆಗೆ ಕರೆದುಕೊಂಡು ಹೋದರು. ಮಾಮು 25 ವರ್ಷ ಶಿವಮೊಗ್ಗ–ಮಂಗಳೂರು ಲಾರಿ ಓಡಿಸಿದವರು. ಅವರು ಜೆರಾಕ್ಸ್ ಹಾಳೆ ನೋಡಿ ಪಕ್ಕಕ್ಕಿಟ್ಟರು. "ಬೇಟಿ, ಪ್ರತಿ ಪ್ರಶ್ನೆಯಲ್ಲೂ ಒಬ್ಬ ಮನುಷ್ಯ ಇದ್ದಾನೆ. ಅವನು ಯಾರು ಅಂತ ಹುಡುಕು, ಉತ್ತರ ತಾನಾಗಿ ಬರುತ್ತೆ" ಎಂದರು. ಮುಂದಿನ ಹತ್ತು ದಿನ ನಾನು ಓದಿದ್ದು ಹಾಗೆಯೇ.

ಪರೀಕ್ಷೆಯಲ್ಲಿ ಏನು ಕೇಳುತ್ತಾರೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಈ ಪರೀಕ್ಷೆಗೆ ನಾಲ್ಕು ವಿಷಯ: ಸಂಚಾರ ಚಿಹ್ನೆಗಳು ಮತ್ತು ರಸ್ತೆ ನಿಯಮಗಳು, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲುಗಾರನಿಲ್ಲದ ರೈಲ್ವೆ ಕ್ರಾಸಿಂಗ್ ದಾಟುವಾಗಿನ ಎಚ್ಚರಿಕೆ, ಮತ್ತು ಗಾಡಿಯಲ್ಲಿರಬೇಕಾದ ದಾಖಲೆಗಳು.

ಚಿಹ್ನೆಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಬೇಡಿ, ಆಕಾರದಿಂದ ಶುರು ಮಾಡಿ. ವೃತ್ತ ಎಂದರೆ ಆಜ್ಞೆ. ಕೆಂಪು ಅಂಚಿನ ವೃತ್ತ 'ಮಾಡಬೇಡ' ಅಥವಾ 'ಇದನ್ನು ಮೀರಬೇಡ' ಎನ್ನುತ್ತದೆ, ನೀಲಿ ವೃತ್ತ 'ಹೀಗೆಯೇ ಮಾಡು' ಎನ್ನುತ್ತದೆ. ತ್ರಿಕೋನ ಎಂದರೆ ಎಚ್ಚರಿಕೆ: ಮುಂದೆ ತಿರುವಿದೆ, ಶಾಲೆಯಿದೆ, ರಸ್ತೆ ಕಿರಿದಾಗುತ್ತದೆ. ಆಯತ ಎಂದರೆ ಮಾಹಿತಿ: ಆಸ್ಪತ್ರೆ, ಪೆಟ್ರೋಲ್ ಬಂಕ್. ಎರಡಕ್ಕೆ ಮಾತ್ರ ಬೇರೆ ಆಕಾರ. 'ನಿಲ್ಲಿ' ಎಂಬುದಕ್ಕೆ ಎಂಟು ಮೂಲೆ, 'ದಾರಿ ಬಿಡಿ' ಎಂಬುದಕ್ಕೆ ತಲೆಕೆಳಗಾದ ತ್ರಿಕೋನ. ಧೂಳು ಮೆತ್ತಿ ಅಕ್ಷರ ಕಾಣದಿದ್ದರೂ ಇವೆರಡನ್ನು ಆಕಾರದಿಂದಲೇ ಗುರುತಿಸಬಹುದು.

ಇನ್ನು ರಸ್ತೆ ನಿಯಮಗಳು. ಹೆಚ್ಚು ಪ್ರಶ್ನೆ ಬರುವುದು ಇಲ್ಲಿಂದ. ಮಾಮು ಹೇಳಿಕೊಟ್ಟ ಕೆಲವನ್ನು ಹೇಳುತ್ತೇನೆ.

ಕಡಿದಾದ ಘಾಟಿ ರಸ್ತೆಯಲ್ಲಿ ಎರಡು ಗಾಡಿ ಎದುರಾದರೆ ಯಾರಿಗೆ ದಾರಿ? ಹತ್ತುವವರಿಗೆ. ನಾನು ಮೊದಲ ಸಲ 'ಇಳಿಯುವವರಿಗೆ' ಎಂದು ಒತ್ತಿದ್ದೆ. ಹುಲಿಕಲ್ ಘಾಟಿಯಲ್ಲಿ ಲೋಡ್ ತುಂಬಿದ ಲಾರಿ ಹತ್ತುತ್ತಿರುವುದನ್ನು ಊಹಿಸಿಕೊಳ್ಳಿ. ಅದು ಒಮ್ಮೆ ನಿಂತರೆ ಮತ್ತೆ ಎಳೆಯುವುದು ಕಷ್ಟ, ಹಿಂದಕ್ಕೆ ಜಾರಿದರೆ ಹಿಂದಿದ್ದವರ ಗತಿ? ಇಳಿಯುವವನು ಬದಿಗೆ ನಿಂತು ದಾರಿ ಬಿಡುವುದೇ ಸುಲಭ.

ಓವರ್‌ಟೇಕ್ ಬಲಗಡೆಯಿಂದ. ಮುಂದಿನ ಗಾಡಿ ಬಲಕ್ಕೆ ತಿರುಗುವ ಸಿಗ್ನಲ್ ಕೊಟ್ಟು ರಸ್ತೆಯ ನಡುವಿಗೆ ಬಂದಿದ್ದರೆ ಮಾತ್ರ ಎಡದಿಂದ ದಾಟಬಹುದು. ಲಾರಿಯ ಎಡಬದಿಯಲ್ಲಿ ನುಗ್ಗುವ ಸ್ಕೂಟರ್ ಚಾಲಕನಿಗೆ ಕಾಣುವುದೇ ಇಲ್ಲ ಎಂದು ಮಾಮು ಮೂರು ಸಲ ಹೇಳಿದರು.

ಕುರುಡರೊಬ್ಬರು ಬಿಳಿ ಕೋಲು ಹಿಡಿದು ರಸ್ತೆ ದಾಟುತ್ತಿದ್ದರೆ ಏನು ಮಾಡಬೇಕು? ಆಯ್ಕೆಗಳಲ್ಲಿ 'ಹಾರ್ನ್ ಹಾಕಬೇಕು', 'ನಿಧಾನಿಸಬೇಕು' ಎಂದೂ ಇರುತ್ತದೆ. ಸರಿಯುತ್ತರ: ಆ ಬಿಳಿ ಕೋಲನ್ನೇ 'ನಿಲ್ಲಿ' ಚಿಹ್ನೆ ಎಂದು ತಿಳಿದು ಗಾಡಿ ನಿಲ್ಲಿಸಬೇಕು. ಕಣ್ಣು ಕಾಣದವರಿಗೆ ಹಾರ್ನ್ ಕೇಳಿಸಿದರೆ ಗಾಬರಿಯಾಗುತ್ತದೆಯೇ ಹೊರತು ದಾರಿ ಕಾಣುವುದಿಲ್ಲ.

ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಡೆಯುವವರು ಯಾವ ಬದಿಯಲ್ಲಿ ನಡೆಯಬೇಕು? ಬಲಬದಿಯಲ್ಲಿ. ಆಗ ಹತ್ತಿರದಲ್ಲಿ ಹಾಯುವ ಗಾಡಿ ಎದುರಿನಿಂದ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ಬಸ್ಸಿಳಿದು ಕಾಲೇಜಿಗೆ ನಡೆದು ಬರುವ ನಮಗೆಲ್ಲ ಇದು ಇವತ್ತಿನಿಂದಲೇ ಬೇಕಾದ ಉತ್ತರ.

ಸಿಗ್ನಲ್‌ನಲ್ಲಿ ಹಳದಿ ದೀಪ ಮಿಟುಕುತ್ತಿದ್ದರೆ ನಿಧಾನಿಸಿ ಎಚ್ಚರಿಕೆಯಿಂದ ಮುಂದೆ ಹೋಗಿ. ಕೆಂಪು ದೀಪ ಮಿಟುಕುತ್ತಿದ್ದರೆ ಪೂರ್ತಿ ನಿಂತು, ನೋಡಿ, ಆಮೇಲೆ ಹೋಗಿ. ಇವೆರಡನ್ನು ಅದಲುಬದಲು ಮಾಡಿ ಒಂದು ಅಂಕ ಕಳೆದುಕೊಂಡವರು ನನ್ನಂತೆ ಬಹಳ ಮಂದಿ.

ವೇಗದ ಬಗ್ಗೆ ವಿಜ್ಞಾನ ವಿಭಾಗದವರಿಗೆ ಒಂದು ಸಣ್ಣ ಲೆಕ್ಕ. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಮೊಬೈಲ್ ಕಡೆ ಎರಡು ಸೆಕೆಂಡು ನೋಡಿದರೆ 22 ಮೀಟರ್, ಅಂದರೆ ಕ್ರಿಕೆಟ್ ಪಿಚ್‌ಗಿಂತ ಹೆಚ್ಚು ದೂರ ಕಣ್ಣು ಮುಚ್ಚಿ ಓಡಿಸಿದಂತೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದು ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಚಲನಶಕ್ತಿಯ ಸೂತ್ರದಲ್ಲಿ ವೇಗದ ವರ್ಗ ಇರುವುದನ್ನು ನಾವು ಬರೀ ಅಂಕಕ್ಕಾಗಿ ಬರೆಯುತ್ತಿದ್ದೆವು.

ರೈಲ್ವೆ ಕ್ರಾಸಿಂಗ್ ಪ್ರಶ್ನೆ ಖಾತ್ರಿ ಎಂದೇ ಇಟ್ಟುಕೊಳ್ಳಿ. ಕಾವಲುಗಾರನಿಲ್ಲದ ಕ್ರಾಸಿಂಗ್‌ನಲ್ಲಿ ಗಾಡಿ ನಿಲ್ಲಿಸಬೇಕು, ಇಳಿದು ಹಳಿಯ ತನಕ ನಡೆದು ಹೋಗಿ ಎರಡೂ ಕಡೆ ರೈಲು ಬರುತ್ತಿಲ್ಲ ಎಂದು ನೋಡಿ, ಆಮೇಲೆ ದಾಟಬೇಕು. ಬಸ್ಸು, ಲಾರಿಯಲ್ಲಿ ಕಂಡಕ್ಟರ್ ಅಥವಾ ಕ್ಲೀನರ್ ಇಳಿಯಬೇಕು. ನಮ್ಮ ದೇಶದ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಇಂಥ ಕ್ರಾಸಿಂಗ್‌ಗಳನ್ನು 2019ರ ಹೊತ್ತಿಗೆ ತೆಗೆದುಹಾಕಲಾಗಿದೆ. ಆದರೂ ನಿಯಮ ಹಾಗೆಯೇ ಇದೆ, ಪ್ರಶ್ನೆಯೂ ಬರುತ್ತದೆ.

ಅಪಘಾತವಾದರೆ ಚಾಲಕನ ಮೊದಲ ಕೆಲಸ ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು. ಪೊಲೀಸರಿಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಬೇಕು. ಇನ್ನೊಂದು ವಿಷಯ ಎಲ್ಲರೂ ತಿಳಿದಿರಬೇಕು. ನಾವು ಬರೀ ದಾರಿಹೋಕರಾಗಿದ್ದು ಗಾಯಾಳುವನ್ನು ಒಳ್ಳೆಯ ಮನಸ್ಸಿನಿಂದ ಆಸ್ಪತ್ರೆಗೆ ಸೇರಿಸಿದರೆ ನಮ್ಮ ಮೇಲೆ ಕೇಸು ಬೀಳುವುದಿಲ್ಲ, ಹೆಸರು ಹೇಳಲೇಬೇಕೆಂಬ ಬಲವಂತವೂ ಇಲ್ಲ. 2019ರ ತಿದ್ದುಪಡಿಯಲ್ಲಿ ಇದಕ್ಕೆ ರಕ್ಷಣೆ ಕೊಡಲಾಗಿದೆ.

ದಾಖಲೆಗಳು ನಾಲ್ಕು: ಲೈಸೆನ್ಸ್, ಆರ್‌ಸಿ, ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೂ ನಡೆಯುತ್ತದೆ.

ಅಭ್ಯಾಸಕ್ಕೆ ಸಾರಥಿ ಜಾಲತಾಣದಲ್ಲೇ ಮಾದರಿ ಪರೀಕ್ಷೆಯಿದೆ. ಭಾಷೆ ಆರಿಸುವಾಗ ಕನ್ನಡವನ್ನೇ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ಮೊದಲ ಸಲ ನಾನು ದೊಡ್ಡಸ್ತಿಕೆಗೆ ಇಂಗ್ಲಿಷ್ ಆರಿಸಿ, ಪ್ರಶ್ನೆ ಅರ್ಥವಾಗುವಷ್ಟರಲ್ಲಿ ಸಮಯ ಮುಗಿದಿತ್ತು. ಎರಡನೇ ಸಲ ಮತ್ತೆ 50 ರೂಪಾಯಿ ಕಟ್ಟಿ, ಕನ್ನಡದಲ್ಲಿ ಬರೆದು, 15ಕ್ಕೆ 13 ಪಡೆದೆ.

ಮಾಮು ಹೇಳಿದ ಇನ್ನೊಂದು ಪಾಠ

ಮಾಮು ಇಷ್ಟೆಲ್ಲ ಹೇಳಿಕೊಡುವಾಗ ಅವರ ಮಗ ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ. ಅವನಿಗೆ 17. ಕಳೆದ ವರ್ಷ ಟ್ಯೂಷನ್‌ಗೆಂದು ಮಾಮು ಅವರ ಸ್ಕೂಟರ್ ತೆಗೆದುಕೊಂಡು ಹೋಗಿ, ತಿರುವಿನಲ್ಲಿ ಒಬ್ಬ ವೃದ್ಧರಿಗೆ ಗುದ್ದಿದ. ಅವರ ಕಾಲು ಮುರಿಯಿತು. ಕೀಲಿ ಕೊಟ್ಟವರು ಮಾಮುವೇ. 25 ವರ್ಷದಲ್ಲಿ ಒಂದೂ ಕೇಸು ಇಲ್ಲದವರು ಮಗನ ಕಾರಣಕ್ಕೆ ನ್ಯಾಯಾಲಯದಲ್ಲಿ ನಿಂತು 25,000 ರೂಪಾಯಿ ದಂಡ ಕಟ್ಟಿದರು.

2019ರ ತಿದ್ದುಪಡಿಯಿಂದ ಬಂದ 199ಎ ಕಲಂ ಹೇಳುವುದು ಇದನ್ನು: ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ಗಾಡಿಯ ಮಾಲೀಕರು ತಪ್ಪಿತಸ್ಥರು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದು. ಮತ್ತು ಓಡಿಸಿದವರಿಗೆ 25 ವರ್ಷ ತುಂಬುವ ತನಕ ಎಲ್‌ಎಲ್‌ಆರ್ ಕೂಡ ಸಿಗುವುದಿಲ್ಲ.

ನನ್ನ ಮಾಮು ಮಗ ಡಿಗ್ರಿ ಮುಗಿಸಿ ಕೆಲಸ ಹುಡುಕುವಾಗಲೂ ಲೈಸೆನ್ಸ್ ಇಲ್ಲದವನಾಗಿಯೇ ಇರುತ್ತಾನೆ. ಅದಕ್ಕಿಂತ ಹೆಚ್ಚಾಗಿ, ಆ ವೃದ್ಧರು ಈಗಲೂ ಕೋಲೂರಿಕೊಂಡು ಮಸೀದಿಗೆ ಬರುತ್ತಾರೆ, ಅವನು ಅವರೆದುರು ತಲೆ ಎತ್ತುವುದಿಲ್ಲ. ಇದನ್ನು ಬರೆಯಲೇ ಎಂದು ಮಾಮು ಅವರನ್ನು ಕೇಳಿದೆ. "ಹೆಸರು ಬೇಡ, ಆದರೆ ಬರೆ. ಕೀಲಿ ಕೇಳುವ ಮಕ್ಕಳಿಗಿಂತ ಕೀಲಿ ಕೊಡುವ ನಮ್ಮಂಥವರು ಓದಬೇಕು" ಎಂದರು.

ನಮ್ಮ ಕಾಲೇಜಿನ ಹಿಂದಿನ ಗಲ್ಲಿಯಲ್ಲಿ ಬೆಳಿಗ್ಗೆ ಎಷ್ಟು ಸ್ಕೂಟರ್ ನಿಲ್ಲುತ್ತವೆ ಎಂಬುದು ನಮಗೆಲ್ಲ ಗೊತ್ತು. ಒಳಗೆ ನಿಲ್ಲಿಸಿದರೆ ಲೈಸೆನ್ಸ್ ಕೇಳುತ್ತಾರೆಂದು ಅಲ್ಲಿ ನಿಲ್ಲಿಸುತ್ತೇವೆ. ಅದನ್ನು ನೋಡಿದಾಗಲೆಲ್ಲ ನನಗೆ ಆ ಕೋಲು ನೆನಪಾಗುತ್ತದೆ.

ಎಲ್‌ಎಲ್‌ಆರ್ ಸಿಕ್ಕ ಮೇಲೆ

ಗಾಡಿಯ ಮುಂದೆ, ಹಿಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು 'ಎಲ್' ಅಕ್ಷರ ಇರಬೇಕು. ಫಲಕ 18 ಸೆಂಟಿಮೀಟರ್ ಚೌಕಕ್ಕಿಂತ ಚಿಕ್ಕದಾಗಿರಬಾರದು. ಕಲಿಸುವ, ಲೈಸೆನ್ಸ್ ಇರುವ ವ್ಯಕ್ತಿಯನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ಗೆಳತಿಯನ್ನೂ ಇಲ್ಲ, ತಂಗಿಯನ್ನೂ ಇಲ್ಲ.

ಹೆಲ್ಮೆಟ್ ಇಬ್ಬರಿಗೂ ಕಡ್ಡಾಯ. ಟೋಪಿ, ಸ್ಕಾರ್ಫ್ ಇದೆ ಎಂಬುದು ನೆಪವಾಗುವುದಿಲ್ಲ. ಕಾನೂನಿನಲ್ಲಿ ವಿನಾಯಿತಿ ಇರುವುದು ಪೇಟ ಧರಿಸುವ ಸಿಖ್ಖರಿಗೆ ಮಾತ್ರ. ಸ್ಕಾರ್ಫ್ ಕಟ್ಟುವವರು ತೆಳುವಾದ ಬಟ್ಟೆಯನ್ನು ಪಿನ್ ಇಲ್ಲದೆ ಕಟ್ಟಿ, ಅದರ ಮೇಲೆ ಐಎಸ್‌ಐ ಗುರುತಿನ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿಯಿರಿ. ದುಪಟ್ಟಾ, ಬುರ್ಖಾದ ಅಂಚು ಹಿಂದಿನ ಚಕ್ರಕ್ಕೆ ಸಿಕ್ಕಿದರೆ ಅನಾಹುತ. ಕೂರುವ ಮೊದಲು ಮಡಚಿ ಸಿಕ್ಕಿಸಿಕೊಳ್ಳುವುದನ್ನು ಅಮ್ಮಿ ನನಗೆ ದಿನವೂ ನೆನಪಿಸುತ್ತಾರೆ.

ಈಗ ಭಾನುವಾರ ಬೆಳಿಗ್ಗೆ ಮಾಮು ಹಿಂದೆ ಕೂತು ಕಲಿಸುತ್ತಾರೆ. ಬೆಡ್‌ಶೀಟ್ ತೆಗೆದು, ಬ್ಯಾಟರಿ ಬದಲಿಸಿ, ವಿಮೆ ಕಟ್ಟಿದ್ದೇವೆ. ಸೌದಿಯಿಂದ ವಿಡಿಯೋ ಕಾಲ್‌ನಲ್ಲಿ ಅಬ್ಬು ಸ್ಕೂಟರಿನ ಸದ್ದು ಕೇಳಿ ಖುಷಿಪಟ್ಟರು. ಡಿಎಲ್ ಪರೀಕ್ಷೆಗೆ ಇನ್ನೂ ಮೂರು ವಾರ ಇದೆ.

ನಾನಿ ಮೊನ್ನೆ ಕೇಳಿದರು, "ಇನ್ನು ರಾತ್ರಿ ನೀನೇ ಕರೆದುಕೊಂಡು ಹೋಗ್ತೀಯಲ್ಲ?" ಇನ್ನೂ ಇಲ್ಲ ನಾನಿ, ಎಂದೆ. ಪಕ್ಕದ ಮನೆ ಅಂಕಲ್ ಫೋನ್ ನಂಬರ್ ಬರೆದ ಚೀಟಿ ಫ್ರಿಜ್ ಮೇಲೆ ಹಾಗೆಯೇ ಇದೆ. ಡಿಎಲ್ ಕೈಗೆ ಬಂದ ಮೇಲೂ ಅದನ್ನು ಕೀಳುವುದು ಬೇಡ ಎಂದಿದ್ದಾರೆ ಅಮ್ಮಿ.